ಇರುವೆ ಗುಳಿಗೆ ಬಿದ್ದ ದಿನ: ಬೇಸಿಗೆ ಶಿಬಿರದಲ್ಲಿ ವಚನ ಮೊದಲೋ, ನೋಟ ಮೊದಲೋ?

ಪ್ರಶ್ನೆ: ಪುಣೆಯ ಸಂಡೇ ಸ್ಕೂಲ್ ಶಿಕ್ಷಕ

ಎಲ್ಲರಿಗೂ ವಂದನೆಗಳು. ನಾನು ಪುಣೆಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ ಹನ್ನೊಂದು ವರ್ಷಗಳಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಊರು ಗದಗದ ಕಡೆ. ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರದಲ್ಲಿ 10ರಿಂದ 14 ವರ್ಷದ ಸುಮಾರು ಮೂವತ್ತು ಮಕ್ಕಳನ್ನು ಖಂಡಾಲದ ಬಳಿ ಬಾಡಿಗೆಗೆ ದೊರೆಯುವ ಒಂದು ತಂಗುದಾಣಕ್ಕೆ ಕರೆದುಕೊಂಡು ಹೋಗಿ ನಾಲ್ಕು ದಿನಗಳ ಶಿಬಿರ ಮಾಡುತ್ತೇವೆ. ಈ ವರ್ಷದ ಶಿಬಿರಕ್ಕೆ ಇನ್ನು ಐದು ವಾರಗಳಿವೆ. ಅದಕ್ಕೆ ಮೊದಲು ನನಗೊಂದು ವಿಷಯ ತೀರ್ಮಾನವಾಗಬೇಕಾಗಿದೆ.

ಕಳೆದ ವರ್ಷ ಶಿಬಿರದ ವಿಷಯವನ್ನು ಸೃಷ್ಟಿ ಎಂದು ಇಟ್ಟುಕೊಂಡಿದ್ದೆವು. ಎರಡನೆಯ ದಿನ ಬೆಳಿಗ್ಗೆ ಸತ್ಯವೇದದ (ಬೈಬಲಿನ) ಜ್ಞಾನೋಕ್ತಿಗಳ ಆರನೆಯ ಅಧ್ಯಾಯದಿಂದ, ಸೋಮಾರಿಯು ಇರುವೆಯ ಬಳಿಗೆ ಹೋಗಿ ಬುದ್ಧಿ ಕಲಿಯಬೇಕೆನ್ನುವ ಭಾಗವನ್ನು ಪಾಠ ಮಾಡಿ, ವಚನವನ್ನು ಬಾಯಿಪಾಠ ಮಾಡಿಸಿ, ಇರುವೆಗಳನ್ನು ತೋರಿಸಲೆಂದು ಮಕ್ಕಳನ್ನು ತಂಗುದಾಣದ ಹಿಂಬದಿಗೆ ಕರೆದುಕೊಂಡು ಹೋದೆ. ಅಲ್ಲಿ ಸೂರಿನ ಕೆಳಗೆ, ಮಳೆಯ ಹನಿ ತಾಕದ ಒಣ ಧೂಳಿನಲ್ಲಿ, ಆಲಿಕೆಯಂತಹ ಸಣ್ಣ ಸಣ್ಣ ಗುಳಿಗಳಿದ್ದವು. ಸಾಲು ತಪ್ಪಿದ ಒಂದು ಇರುವೆ ಅಂತಹ ಗುಳಿಯ ಅಂಚಿಗೆ ಬಂದು ಜಾರಿತು. ಮೇಲೆ ಹತ್ತಲು ನೋಡಿದಷ್ಟೂ ಕಾಲಡಿಯ ಧೂಳು ಕುಸಿಯಿತು. ತಳದಿಂದ ಯಾವುದೋ ಹುಳ ಧೂಳನ್ನು ಚಿಮ್ಮಿ ಚಿಮ್ಮಿ ಅದನ್ನು ಕೆಳಕ್ಕೆ ಬೀಳಿಸಿ, ಇಕ್ಕಳದಂತಹ ದವಡೆಗಳಲ್ಲಿ ಹಿಡಿದು, ಮಣ್ಣಿನೊಳಗೆ ಎಳೆದುಕೊಂಡಿತು. ಇದೆಲ್ಲ ಒಂದು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ವರ್ಷದ ಒಬ್ಬ ಹುಡುಗಿ ತಲೆಯೆತ್ತಿ, "ಸರ್, ಈ ಇರುವೆ ಸೋಮಾರಿ ಆಗಿರಲಿಲ್ಲವಲ್ಲ?" ಎಂದು ಕೇಳಿದಳು. ನಾನು, "ಚಹಾಕ್ಕೆ ಹೊತ್ತಾಯಿತು, ನಡೆಯಿರಿ" ಎಂದೆ. ಆ ಉತ್ತರ ಒಂದು ವರ್ಷದಿಂದ ನನ್ನನ್ನು ಚುಚ್ಚುತ್ತಿದೆ.

ನಮ್ಮ ಸಮಿತಿಯಲ್ಲಿ ಎರಡು ಅಭಿಪ್ರಾಯಗಳಿವೆ. ಮರಗಿಡ ತೋರಿಸಲು ಶಾಲೆಯವರೇ ಇದ್ದಾರೆ, ನಾವು ವಾಕ್ಯ ಕಲಿಸಿದರೆ ಸಾಕು ಎನ್ನುವವರು ಕೆಲವರು. ಕಾಡಿಗೆ ಕರೆದುಕೊಂಡು ಹೋಗಿಯೂ ಮಕ್ಕಳನ್ನು ಹಾಲ್‌ನಲ್ಲಿ ಕೂರಿಸುವುದಾದರೆ ಪುಣೆಯಲ್ಲೇ ಮಾಡಬಹುದಿತ್ತಲ್ಲ ಎನ್ನುವವರು ಉಳಿದವರು. ನಾನು ಎರಡನೆಯ ಗುಂಪಿನವನು. ಆದರೆ ಹೊರಗೆ ಕರೆದುಕೊಂಡು ಹೋದ ಮೇಲೆ ಏನು ಮಾಡಬೇಕು, ವಚನವನ್ನು ಎಲ್ಲಿ ತರಬೇಕು, ಇಂತಹ ಪ್ರಶ್ನೆ ಬಂದರೆ ಏನು ಹೇಳಬೇಕು ಎನ್ನುವುದು ತಿಳಿಯದೆ ಬರೆಯುತ್ತಿದ್ದೇನೆ. ನಮ್ಮ ಮಕ್ಕಳಿಗೆ ಮಾತನಾಡುವಷ್ಟು ಕನ್ನಡ ಬರುತ್ತದೆ, ಓದುವುದು ಕಷ್ಟ. ನಾನು ನೇರಳೆ ಎಂದರೆ ಅವರು ಜಾಂಭೂಳ ಎನ್ನುತ್ತಾರೆ. ಅದನ್ನೂ ಗಮನದಲ್ಲಿಟ್ಟು ಸಲಹೆ ಕೊಡಬೇಕಾಗಿ ವಿನಂತಿ.

ಉತ್ತರ 1: ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ, ಮುಂಬಯಿ

ಮಾನ್ಯರೇ, ಮೊದಲು ಆ ಹುಳದ ವಿಷಯ ಹೇಳುತ್ತೇನೆ. ಏಕೆಂದರೆ ಹುಡುಗಿಗೆ ಕೊಡಬಹುದಾಗಿದ್ದ ಮೊದಲ ಉತ್ತರ ಅದೇ ಆಗಿತ್ತು. ಇಂಗ್ಲಿಷಿನಲ್ಲಿ ಅದನ್ನು ಆಂಟ್‌ಲಯನ್, ಅಂದರೆ ಇರುವೆಗಳ ಸಿಂಹ ಎನ್ನುತ್ತಾರೆ. ನೀವು ಕಂಡದ್ದು ಅದರ ಮರಿಹುಳ. ಒಣ ಧೂಳು ಎಷ್ಟು ಕಡಿದಾಗಿ ನಿಲ್ಲಬಲ್ಲದೋ ಅಷ್ಟೇ ಕಡಿದಾಗಿ ಅದು ಗುಳಿಯನ್ನು ತೋಡಿಟ್ಟಿರುತ್ತದೆ. ಅದಕ್ಕಿಂತ ಒಂದು ಇರುವೆಯ ಭಾರ ಹೆಚ್ಚಾದರೂ ಅಂಚು ಕುಸಿಯುತ್ತದೆ. ತಿಂಗಳುಗಟ್ಟಲೆ ಹೀಗೆ ಕಾದು, ತಿಂದು, ಕಡೆಗೆ ಮಣ್ಣಿನಲ್ಲಿ ಗೂಡು ಕಟ್ಟಿಕೊಂಡು, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ರೆಕ್ಕೆಯ ಕೀಟವಾಗಿ ಸಂಜೆಯ ಹೊತ್ತು ಹಾರುತ್ತದೆ. ಮರಿಹುಳವಾಗಿರುವಷ್ಟೂ ಕಾಲ ಅದು ಮಲವಿಸರ್ಜನೆಯನ್ನೇ ಮಾಡುವುದಿಲ್ಲ ಎಂಬ ಸಂಗತಿಯನ್ನು ಮಕ್ಕಳಿಗೆ ಹೇಳಿ ನೋಡಿರಿ. ಬೇರೆ ಯಾವ ಪಾಠ ಮರೆತರೂ ಅದನ್ನು ಮರೆಯುವುದಿಲ್ಲ.

ಇನ್ನು ಕ್ರಮದ ಮಾತು. ನೀವು ವಚನವನ್ನು ಕಲಿಸಿ, ಆಮೇಲೆ ಅದಕ್ಕೆ ಉದಾಹರಣೆಯಾಗಿ ಇರುವೆಯನ್ನು ತೋರಿಸಹೊರಟಿರಿ. ಇರುವೆ ನಿಮ್ಮ ಉದಾಹರಣೆಯಾಗಿರಲು ಒಪ್ಪಲಿಲ್ಲ, ಅಷ್ಟೇ. ಮೂವತ್ತೆರಡು ವರ್ಷ ಪಾಠ ಮಾಡಿದ ಅನುಭವದಿಂದ ಹೇಳುತ್ತೇನೆ: ಏನನ್ನು ಕಾಣಬೇಕೆಂದು ಮೊದಲೇ ಹೇಳಿದರೆ ವಿದ್ಯಾರ್ಥಿ ಅದೊಂದನ್ನೇ ಕಾಣುತ್ತಾನೆ, ಕಂಡೆನೆಂದು ಬರೆದುಕೊಟ್ಟು ಎದ್ದುಹೋಗುತ್ತಾನೆ. ಆದ್ದರಿಂದ ಪ್ರತಿ ಮಗುವಿಗೂ ಒಂದು ಮೊಳ ಉದ್ದ, ಒಂದು ಮೊಳ ಅಗಲದ ನೆಲವನ್ನು ಹಗ್ಗ ಹಾಕಿ ಬಿಟ್ಟುಕೊಡಿ. ಬೆಳಿಗ್ಗೆ ಆರೂವರೆಗೆ ಅರ್ಧ ಗಂಟೆ ಅಲ್ಲಿ ಕುಳಿತು, ಕಂಡದ್ದನ್ನು ಬರೆಯಲಿ, ಬಾರದವರು ಚಿತ್ರ ಬಿಡಿಸಲಿ. ಮೂರು ದಿನವೂ ಅದೇ ಮಗುವಿಗೆ ಅದೇ ಜಾಗ. ಮೊದಲ ದಿನ ಹತ್ತು ನಿಮಿಷಕ್ಕೆ ಬೇಸರವಾಗುತ್ತದೆ. ಆಗಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. ಮೂರನೆಯ ದಿನ, ತನ್ನ ಜಾಗದಲ್ಲಿ ನಿನ್ನೆ ಇದ್ದ ಎಲೆ ಇಂದು ಇಲ್ಲವೆಂದು ದೂರು ತರುವ ಮಗು ಇದ್ದೇ ಇರುತ್ತದೆ. ಹೆಸರುಗಳ ಬಗ್ಗೆಯೂ ಅವಸರ ಬೇಡ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಮುಂದೆ ತಂದು, ಅವನು ಏನೆಂದು ಕರೆಯುವನೋ ನೋಡೋಣವೆಂದು ಕಾದದ್ದನ್ನು ನೀವೇ ಮಕ್ಕಳಿಗೆ ಹೇಳಿರುತ್ತೀರಿ. ಮಕ್ಕಳೂ ಮೊದಲು ತಮ್ಮದೇ ಹೆಸರು ಇಡಲಿ. ಆಮೇಲೆ ಮರಾಠಿಯ ಜಾಂಭೂಳ, ಕನ್ನಡದ ನೇರಳೆ ಎರಡೂ ತಾವಾಗಿ ಬರುತ್ತವೆ.

ನೀವು ಹೋಗುವುದು ಖಂಡಾಲಕ್ಕೆ ಎಂದಿರಿ. ಆ ಬೆಟ್ಟಗಳ ಗಿಡಮರಗಳನ್ನು ವರ್ಷಗಟ್ಟಲೆ ನಡೆದು ಸಂಗ್ರಹಿಸಿ, 1953ರಲ್ಲಿ ಖಂಡಾಲದ ಸಸ್ಯಸಂಪತ್ತಿನ ಮೇಲೆ ಒಂದು ಪೂರ್ಣ ಗ್ರಂಥವನ್ನು ಪ್ರಕಟಿಸಿದವರು ಯೇಸುಸಭೆಯ ಗುರುಗಳಾದ ಫಾದರ್ ಸಾಂತಪಾವು. ಸ್ಪೇನಿನಿಂದ ಬಂದು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಅವರು ಮುಂದೆ ಬೊಟಾನಿಕಲ್ ಸರ್ವೆ ಆಫ್ ಇಂಡಿಯಾದ ಮುಖ್ಯಸ್ಥರೂ ಆದರು. ಅವರಿಗಿಂತ ಮೊದಲು ಅದೇ ಕಾಲೇಜಿನಲ್ಲಿದ್ದ ಸ್ವಿಸ್ ಗುರು ಬ್ಲಾಟರ್ ಅವರ ಹೆಸರಿನ ಹರ್ಬೇರಿಯಮ್ ಇಂದಿಗೂ ಅಲ್ಲಿದೆ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಆ ಕಪಾಟುಗಳ ಮುಂದೆ ನಾನು ವಿದ್ಯಾರ್ಥಿನಿಯಾಗಿ ನಿಂತಿದ್ದೇನೆ. ವಾಕ್ಯ ಬೇರೆ, ಮರಗಿಡ ಬೇರೆ ಎನ್ನುವ ನಿಮ್ಮ ಸಮಿತಿಯ ಸದಸ್ಯರಿಗೆ ಈ ಗುರುಗಳ ವಿಷಯ ತಿಳಿಸಿ.

ಮತ್ತೂ ಒಂದು. ಸಹ್ಯಾದ್ರಿಯಲ್ಲಿ ಮರಾಠಿಯವರು ಕುಂಭಾ ಎಂದೂ ನಮ್ಮವರು ಕೌಲು ಎಂದೂ ಕರೆಯುವ ಒಂದು ಮರವಿದೆ. ದಪ್ಪ ತೊಗಟೆ, ಅಗಲವಾದ ಎಲೆ. ಕೇಸರಗಳೇ ತುಂಬಿದ ದೊಡ್ಡ ಹೂವು ಸಂಜೆ ಅರಳಿ ಬೆಳಿಗ್ಗೆ ನೆಲಕ್ಕೆ ಬಿದ್ದಿರುತ್ತದೆ. ಮೇ ಕೊನೆಗೆ ಹೂವು ಮುಗಿದು ಹಸಿರು ಉಂಡೆಯಂತಹ ಕಾಯಿಗಳಿರುತ್ತವೆ. ಅದರ ಶಾಸ್ತ್ರೀಯ ಹೆಸರು ಕೇರಿಯಾ ಆರ್ಬೋರಿಯಾ. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಅದಕ್ಕೆ ಆ ಹೆಸರಿಟ್ಟದ್ದು ಸೇರಾಂಪುರದ ಮಿಷನರಿ ವಿಲಿಯಂ ಕೇರಿಯ ಗೌರವಾರ್ಥವಾಗಿ. 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದವರೂ ಅದೇ ಕೇರಿ. ಕನ್ನಡ ಓದಲು ಕಷ್ಟಪಡುವ ನಿಮ್ಮ ಮಕ್ಕಳು ಆ ಮರದ ಕೆಳಗೆ ಕುಳಿತು ಈ ಕಥೆ ಕೇಳಿದರೆ ಚೆನ್ನಾಗಿರುತ್ತದೆ.

ಉತ್ತರ 2: ಸಭೆಯ ಹಿರಿಯ, ಮುಂಬಯಿ

ಅಧ್ಯಾಪಕಿಯವರ ಬರಹ ಓದಿ ಸಂತೋಷವಾಯಿತು. ಆದರೂ ನನ್ನ ಸಂದೇಹವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿ ಎರಡು ಮಾತುಗಳು ಹತ್ತಿರ ಹತ್ತಿರದಲ್ಲೇ ಇವೆ: ದೇವರ ಅದೃಶ್ಯ ಗುಣಗಳು ಸೃಷ್ಟಿಯಲ್ಲಿ ಕಾಣುತ್ತವೆ ಎನ್ನುವುದು ಒಂದು, ಮನುಷ್ಯರು ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಪೂಜಿಸಿದರು ಎನ್ನುವುದು ಇನ್ನೊಂದು. ಶಿಬಿರ ಮಾಡುವವರು ಮೊದಲನೆಯದನ್ನು ಓದಿ ನಿಲ್ಲಿಸಿಬಿಡುತ್ತಾರೆ. ನಮ್ಮ ಮಕ್ಕಳು ವರ್ಷಕ್ಕೆ ನಾಲ್ಕೇ ದಿನ ಒಟ್ಟಿಗೆ ಸಿಗುತ್ತಾರೆ. ಆ ನಾಲ್ಕು ದಿನವೂ ಹುಳುಹುಪ್ಪಟೆಗೆ ಹೋದರೆ ಸುವಾರ್ತೆಯನ್ನು ಯಾವಾಗ ಹೇಳುವುದು?

ಪ್ರಕೃತಿಯ ವಿಷಯದಲ್ಲಿ ನನ್ನ ಅನುಭವವೂ ಒಂದಿದೆ, ಎಚ್ಚರಿಕೆಯೆಂದು ತೆಗೆದುಕೊಳ್ಳಿ. ಬಹಳ ವರ್ಷಗಳ ಹಿಂದೆ, ನಾನು ಯುವಕರ ಶಿಬಿರವೊಂದನ್ನು ನೋಡಿಕೊಳ್ಳುತ್ತಿದ್ದಾಗ, ದೊಡ್ಡ ಬಂಡೆಯೊಂದರ ಅಡಿಯಲ್ಲಿ ಸಂಜೆ ಬೆಂಕಿ ಹಾಕಿ ಹಾಡಲು ಕುಳಿತೆವು. ಬಂಡೆಯ ಮೇಲೆ ಹೆಜ್ಜೇನಿನ ಹುಟ್ಟುಗಳಿದ್ದುದನ್ನು ಯಾರೂ ತಲೆಯೆತ್ತಿ ನೋಡಿರಲಿಲ್ಲ. ಹೊಗೆ ತಾಕಿತು. ಇಬ್ಬರು ಹುಡುಗರನ್ನು ರಾತ್ರಿಯೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಜಾಗ ಗೊತ್ತುಮಾಡುವ ಮುನ್ನ ಹಗಲಿನಲ್ಲಿ ಬಂಡೆ, ಎತ್ತರದ ಮರ, ಕಟ್ಟಡದ ಸಜ್ಜೆ ಎಲ್ಲವನ್ನೂ ನೋಡಿಕೊಳ್ಳಿ. ಶಿಬಿರಾಗ್ನಿ ಇಲ್ಲದಿದ್ದರೂ ಶಿಬಿರ ನಡೆಯುತ್ತದೆ.

ಉತ್ತರ 3: ವಾಸ್ಕೋ, ಗೋವಾ

ನಾನು ಕಥೋಲಿಕಳು, ಉಡುಪಿಯ ಕಡೆಯವಳು, ಮದುವೆಯಾಗಿ ಗೋವಾಕ್ಕೆ ಬಂದು ಇಪ್ಪತ್ತು ವರ್ಷವಾಯಿತು. ನಮ್ಮಲ್ಲಿ ಈ ಪ್ರಶ್ನೆ ಹೀಗೆ ಏಳುವುದೇ ಕಡಿಮೆ, ಕಾರಣ ಹೇಳುತ್ತೇನೆ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಮೊದಲು ಒಂಬತ್ತು ದಿನ, ಊರಿನ ಮಕ್ಕಳೆಲ್ಲ ಬೆಳಗಾಗುವ ಮೊದಲೇ ಬೇಲಿ, ಗದ್ದೆಬದು ಸುತ್ತಿ ಹೂವು ಕಿತ್ತು ತಟ್ಟೆ ತುಂಬಿಸಿಕೊಂಡು ಇಗರ್ಜಿಗೆ ಹೋಗಿ ಮರಿಯಮ್ಮನವರಿಗೆ ಅರ್ಪಿಸುತ್ತಿದ್ದೆವು. ಹಬ್ಬದ ದಿನ ಗುರುಗಳು ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳನ್ನು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯವರೆಲ್ಲ ಪ್ರಾರ್ಥನೆ ಮಾಡಿ ಹಂಚಿಕೊಂಡು ಕುಡಿಯುತ್ತಿದ್ದೆವು. ಯಾವ ಹೂವು ಯಾವ ಬದುವಿನಲ್ಲಿ ಎಷ್ಟು ಹೊತ್ತಿಗೆ ಅರಳುತ್ತದೆ ಎನ್ನುವುದು ಒಂಬತ್ತು ವರ್ಷಕ್ಕೇ ನನಗೆ ಗೊತ್ತಿತ್ತು. ಅದನ್ನು ಯಾರೂ ಪಾಠವೆಂದು ಕಲಿಸಲಿಲ್ಲ. ಶಿಬಿರದಲ್ಲಿಯೂ ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಿ; ಬರೀ ನೋಡುವುದಕ್ಕಿಂತ, ಪ್ರಾರ್ಥನೆಗೆ ಕೂರುವ ಜಾಗವನ್ನು ಅವರೇ ಉದುರಿದ ಎಲೆ, ಕಾಯಿ, ಕಲ್ಲುಗಳಿಂದ ಅಣಿಮಾಡಲಿ. ಕೀಳುವುದು ಬೇಡ, ಉದುರಿದ್ದು ಸಾಕು.

ಹಿರಿಯರ ಸಂದೇಹಕ್ಕೆ ಒಂದು ಮಾತು ಸೇರಿಸಲು ಅನುಮತಿಯಿರಲಿ. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಭೂಮಿಯ ಪಾಲನೆಯ ಕುರಿತು ಬರೆದ ಲೌದಾತೊ ಸಿ ಎಂಬ ವಿಶ್ವಪತ್ರದ ಹೆಸರು ಅಸಿಸಿಯ ಸಂತ ಫ್ರಾನ್ಸಿಸರ ಸ್ತುತಿಗೀತೆಯಿಂದ ಬಂದದ್ದು. ಆ ಗೀತೆಯಲ್ಲಿ ಸಂತರು ಸೂರ್ಯನನ್ನು ಅಣ್ಣ ಎಂದೂ ನೀರನ್ನು ಅಕ್ಕ ಎಂದೂ ಕರೆಯುತ್ತಾರೆ. ಸ್ತುತಿ ಸಲ್ಲುವುದು ದೇವರಿಗೆ. ಅಣ್ಣನೆಂದ ಮೇಲೆ ತಂದೆ ಒಬ್ಬನೇ ಎಂದಾಯಿತು. ಒಡಹುಟ್ಟಿದವರನ್ನು ಯಾರೂ ಪೂಜಿಸುವುದಿಲ್ಲ, ಹಾಗೆಂದು ಕಡೆಗಣಿಸುವುದೂ ಇಲ್ಲ.

ಮೇ ಕೊನೆಯ ವಾರವೆಂದರೆ ಮಿಂಚುಹುಳುಗಳ ಕಾಲ. ಮಳೆಗಾಲ ಹಿಡಿಯುವ ಮೊದಲಿನ ಎರಡು ಮೂರು ವಾರ ಸಹ್ಯಾದ್ರಿಯಲ್ಲಿ ಒಂದೊಂದು ಮರವೂ ಉಸಿರಾಡಿದಂತೆ ಬೆಳಗಿ ಆರುತ್ತದೆ. ಗಂಡು ಹುಳು ಹೆಣ್ಣನ್ನು ಕರೆಯುವ ಬೆಳಕು ಅದು. ನಮ್ಮ ಟಾರ್ಚು, ಮೊಬೈಲು ಉರಿದರೆ ಆ ಕರೆ ಅವುಗಳಿಗೆ ಕಾಣುವುದಿಲ್ಲ. ಟಾರ್ಚಿನ ಗಾಜಿಗೆ ಕೆಂಪು ಸೆಲ್ಲೋಫೇನ್ ಕಾಗದವನ್ನು ಎರಡು ಮೂರು ಪದರ ಕಟ್ಟಿ, ನೆಲಕ್ಕೆ ಮಾತ್ರ ಹಿಡಿಯಿರಿ. ಮೊಬೈಲುಗಳನ್ನು ತಂಗುದಾಣದಲ್ಲೇ ಬಿಟ್ಟು ಬನ್ನಿ, ದೊಡ್ಡವರದ್ದೂ ಸೇರಿ.

ಉತ್ತರ 4: ಒಬ್ಬ ಪೋಷಕಿ, ಡೊಂಬಿವಲಿ

ನಾವು ಕ್ರೈಸ್ತರಲ್ಲ. ನಮ್ಮ ಪಕ್ಕದ ಮನೆಯವರ ಸಭೆಯ ಬೇಸಿಗೆ ಶಿಬಿರಕ್ಕೆ ನನ್ನ ಮಗ ಎರಡು ವರ್ಷ ಹೋಗಿದ್ದಾನೆ. ಮೊದಲ ವರ್ಷ ನಮಗೆ ಕೊಟ್ಟ ಚೀಟಿಯಲ್ಲಿ ಪ್ರಕೃತಿ ಶಿಬಿರ ಎಂದಷ್ಟೇ ಇತ್ತು. ಮಗ ಬಂದು ಪ್ರಾರ್ಥನೆಯ ಹಾಡು ಹಾಡಿದಾಗ ಮನೆಯಲ್ಲಿ ಅತ್ತೆಯವರಿಗೆ ಬೇಸರವಾಯಿತು. ಹಾಡಿಗಿಂತ ಹೆಚ್ಚಾಗಿ, ಮೊದಲೇ ಹೇಳಲಿಲ್ಲ ಎನ್ನುವುದಕ್ಕೆ. ಎರಡನೆಯ ವರ್ಷ ಅವರು ದಿನಚರಿಯನ್ನು ಪೂರ್ತಿ ಬರೆದುಕೊಟ್ಟು, ಪ್ರಾರ್ಥನೆಯ ಹೊತ್ತಿನಲ್ಲಿ ಬೇಕಾದವರು ಚಿತ್ರ ಬಿಡಿಸುತ್ತ ಕುಳಿತಿರಬಹುದು ಎಂದು ತಿಳಿಸಿದರು. ನಾವು ನೆಮ್ಮದಿಯಿಂದ ಕಳುಹಿಸಿದೆವು. ನಿಮ್ಮ ಶಿಬಿರಕ್ಕೂ ಬೇರೆ ಮನೆಯ ಮಕ್ಕಳು ಬರುವುದಾದರೆ ಇಷ್ಟು ಮಾಡಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಉತ್ತರ 5: ನಿವೃತ್ತ ಸಭಾಪಾಲಕ, ಪುಣೆ

ಆ ಹುಡುಗಿಯ ಪ್ರಶ್ನೆಗೆ ಇಲ್ಲಿ ಇನ್ನೂ ಯಾರೂ ಉತ್ತರಿಸಿಲ್ಲ. ನನ್ನಲ್ಲಿಯೂ ಪೂರ್ಣ ಉತ್ತರವಿಲ್ಲ. ಆದರೆ ಸತ್ಯವೇದ ಆ ಪ್ರಶ್ನೆಯಿಂದ ಚಹಾಕ್ಕೆ ಎದ್ದುಹೋಗಿಲ್ಲ ಎನ್ನುವುದನ್ನು ತೋರಿಸಬಲ್ಲೆ. (ತಮ್ಮಾ, ಬೇಸರಿಸಿಕೊಳ್ಳಬೇಡ, ನಾನೂ ಬೇಕಾದಷ್ಟು ಸಲ ಹಾಗೆ ಎದ್ದುಹೋಗಿದ್ದೇನೆ.)

ನೂರನಾಲ್ಕನೆಯ ಕೀರ್ತನೆಯನ್ನು ತೆಗೆದುಕೊಳ್ಳಿ. ಅಲ್ಲಿ ಕತ್ತಲಾದ ಮೇಲೆ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತ ದೇವರಿಂದ ಆಹಾರ ಕೇಳುತ್ತವೆ. ಸೂರ್ಯ ಹುಟ್ಟಿದ ಕೂಡಲೇ ಅವು ಗವಿ ಸೇರುತ್ತವೆ, ಮನುಷ್ಯ ಕೆಲಸಕ್ಕೆ ಹೊರಡುತ್ತಾನೆ. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಗಲು ಪಾಳಿ ಜನರದ್ದು, ರಾತ್ರಿ ಪಾಳಿ ಚಿರತೆಯದ್ದು. (ಆ ಉದ್ಯಾನದ ವಿಸ್ತಾರವೂ ಸುಮಾರು 104 ಚದರ ಕಿಲೋಮೀಟರು. ಕಾಕತಾಳೀಯ, ದಯವಿಟ್ಟು ಯಾರೂ ಇದರಲ್ಲಿ ಅರ್ಥ ಹುಡುಕಬೇಡಿ.) ಕೀರ್ತನೆಕಾರ ಸಿಂಹದ ಬೇಟೆಯನ್ನು ದೋಷವೆನ್ನಲಿಲ್ಲ, ಅದನ್ನು ಒಂದು ಪ್ರಾರ್ಥನೆಯೆಂದ.

ಯೋಬನ ಪುಸ್ತಕ ಇನ್ನೂ ಮುಂದೆ ಹೋಗುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ತಾನೇನು ತಪ್ಪು ಮಾಡಿದೆನೆಂದು ಕೇಳಿದ ಮನುಷ್ಯ ಅವನು. ನಿಮ್ಮ ಹುಡುಗಿ ಇರುವೆಯ ಪರವಾಗಿ ಕೇಳಿದ್ದು ಯೋಬನ ಪ್ರಶ್ನೆಯನ್ನೇ: ಇದು ತಪ್ಪು ಮಾಡಿರಲಿಲ್ಲವಲ್ಲ? ಅವನ ಸ್ನೇಹಿತರ ಬಳಿ ಸಿದ್ಧ ಉತ್ತರಗಳಿದ್ದವು, ಕಡೆಯಲ್ಲಿ ದೇವರು ಆ ಉತ್ತರಗಳನ್ನು ಸರಿಯಲ್ಲವೆಂದನು. ಯೋಬನಿಗೆ ದೇವರು ಬಿರುಗಾಳಿಯೊಳಗಿಂದ ಮಾತನಾಡಿದಾಗ ಕಾರಣ ಹೇಳಲಿಲ್ಲ. 38, 39ನೆಯ ಅಧ್ಯಾಯಗಳಲ್ಲಿ ಅವನನ್ನು ಕಾಡಿಗೆ ಕರೆದುಕೊಂಡು ಹೋದನು. ಯಾರೂ ಇಲ್ಲದ ನೆಲದ ಮೇಲೆ ಸುರಿಯುವ ಮಳೆ, ಹಸಿದ ಕಾಗೆಮರಿಗಳು, ಈಯುವ ಬೆಟ್ಟದ ಮೇಕೆ, ರಕ್ತ ಹೀರುವ ಹದ್ದಿನ ಮರಿಗಳು. ಒಂದನ್ನೂ ಮರೆಮಾಡಿಲ್ಲ, ಯಾವುದನ್ನೂ ಮನುಷ್ಯನಿಗೆ ನೀತಿಪಾಠವಾಗಿ ತಿರುಗಿಸಿಯೂ ಇಲ್ಲ. ಹಿರಿಯರು ಸುವಾರ್ತೆಯನ್ನು ಯಾವಾಗ ಹೇಳುವುದೆಂದು ಕೇಳಿದ್ದಾರೆ. ಕಾಸಿಗೆ ಎರಡರಂತೆ ಮಾರುವ ಗುಬ್ಬಿಗಳಲ್ಲಿ ಒಂದಾದರೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳದು ಎಂದು ಯೇಸುಸ್ವಾಮಿ ಹೇಳಿದ್ದನ್ನು, ಇರುವೆ ಬಿದ್ದದ್ದನ್ನು ಕಣ್ಣಾರೆ ಕಂಡ ಮಕ್ಕಳಿಗೆ ಹೇಳಿ ನೋಡಿ. ಬೀಳುವುದಿಲ್ಲ ಎಂದು ಅವರು ಹೇಳಲಿಲ್ಲ. ಬೀಳುವಾಗ ತಂದೆ ಅಲ್ಲಿಲ್ಲದೆ ಇಲ್ಲ ಎಂದರು. ಶಿಲುಬೆಯ ಮಾತಿಗೆ ಇಲ್ಲಿಂದ ದೂರವಿಲ್ಲ.

ಅಧ್ಯಾಪಕಿಯವರು ಇರುವೆ-ಸಿಂಹ ಎಂದಾಗ ನನಗೆ ನಗು ಬಂತು. ಯೋಬ 4ನೆಯ ಅಧ್ಯಾಯದ 11ನೆಯ ವಚನದಲ್ಲಿ, ಬೇಟೆಯಿಲ್ಲದೆ ಸಾಯುವ ಸಿಂಹವೆಂದು ಹೀಬ್ರೂ ಮೂಲದಲ್ಲಿ ಇರುವ ಕಡೆ, ಪ್ರಾಚೀನ ಗ್ರೀಕ್ ಅನುವಾದಕರು ಬಳಸಿರುವ ಪದ ಮಿರ್ಮೆಕೊಲಿಯೊನ್, ಅಂದರೆ ಇರುವೆ-ಸಿಂಹ. ಅವರ ಮನಸ್ಸಿನಲ್ಲಿ ಇದ್ದ ಪ್ರಾಣಿ ಬೇರೆಯೇ ಇರಬಹುದು. ಆದರೂ, ಆ ಹುಳಕ್ಕೂ ಹಸಿವಾಗುತ್ತದೆ, ಗುಳಿಗೆ ಏನೂ ಬೀಳದ ದಿನ ಅದು ಉಪವಾಸವಿರುತ್ತದೆ ಎಂದು ಹುಡುಗಿಗೆ ತಿಳಿಸಿ. ಯಾರ ಪಕ್ಷ ವಹಿಸುವಳೋ ಅವಳೇ ಯೋಚಿಸಲಿ.

ಪ್ರಶ್ನೆ ಕೇಳಿದವರಿಂದ: ಪುಣೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಮಿತಿಯಲ್ಲಿ ಈ ಉತ್ತರಗಳನ್ನು ಓದಿ ಹೇಳಿದೆ. ಬೆಳಗಿನ ಹೊತ್ತು ಒಂದು ಮೊಳದ ಜಾಗ, ಸಂಜೆ ಎಲ್ಲರೂ ಕಂಡದ್ದನ್ನು ಹೇಳಿದ ಮೇಲೆ ವಚನದ ಓದು ಎಂದು ತೀರ್ಮಾನವಾಗಿದೆ. ಓದಿದ ಮೇಲೆ ವಿವರಣೆ ಐದು ನಿಮಿಷ ಮೀರಬಾರದು ಎಂಬ ಷರತ್ತನ್ನು ನನಗೇ ಹಾಕಿದ್ದಾರೆ. ಬಾಯಿಪಾಠಕ್ಕೆ ನೂರನಾಲ್ಕನೆಯ ಕೀರ್ತನೆಯ ಐದು ವಚನಗಳು, ಸಿಂಹದ್ದೂ ಸೇರಿ. ಸಭೆಯ ಹಿರಿಯರು ಕೇಳಿದಂತೆ ಕೊನೆಯ ರಾತ್ರಿಯನ್ನು ಪೂರ್ತಿ ಸುವಾರ್ತೆಗೆ ಬಿಟ್ಟಿದ್ದೇವೆ, ಬೆಂಕಿಯಿಲ್ಲದೆ. ಬೇರೆ ಮನೆಗಳ ಮೂವರು ಮಕ್ಕಳು ಬರಬಹುದು. ಅವರ ಪೋಷಕರಿಗೆ ದಿನಚರಿ ಈ ವಾರವೇ ಹೋಗುತ್ತದೆ. ಕೌಲು ಮರ ತಂಗುದಾಣದ ಹತ್ತಿರ ಇದೆಯೋ ಇಲ್ಲವೋ ಮುಂಚಿತವಾಗಿ ಒಂದು ದಿನ ಹೋಗಿ ನೋಡಿಬರಬೇಕು.

ಆ ಹುಡುಗಿಗೆ ಈಗ ಹನ್ನೆರಡು, ಈ ವರ್ಷವೂ ಬರುತ್ತಿದ್ದಾಳೆ. ಹಿಂಬದಿಯ ಸೂರಿನ ಕೆಳಗಿನ ಜಾಗವನ್ನು ಅವಳಿಗೇ ಕೊಡೋಣವೆಂದು, ಅಲ್ಲಿ ಕುರ್ಚಿ ಪೇರಿಸುವುದಾಗಲಿ ಕಸ ಗುಡಿಸುವುದಾಗಲಿ ಮಾಡಬೇಡಿ ಎಂದು ತಂಗುದಾಣದ ಕಾವಲಿನವರಿಗೆ ಫೋನ್ ಮಾಡಿ ಕೇಳಿಕೊಂಡೆ. ಧೂಳು ಗುಡಿಸಲಿಲ್ಲವೆಂದು ಜಗಳ ಮಾಡುವ ಗಿರಾಕಿಗಳನ್ನು ಬೇಕಾದಷ್ಟು ಕಂಡಿದ್ದೇನೆ, ಗುಡಿಸಬೇಡಿ ಎನ್ನುವವರು ನೀವೇ ಮೊದಲಿಗರು ಎಂದು ಅವರು ಮರಾಠಿಯಲ್ಲಿ ನಕ್ಕರು.